ಹೊರಡದ ರೈಲು

ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಆ ದಿನಗಳಲ್ಲಿ ಬಂದೂಕು ಹಿಡಿದ ಇಂಗ್ಲಿಷ್ ಸಿಪಾಯಿ ಹತ್ತಿದರೆ ಐರಿಷ್ ಡ್ರೈವರುಗಳು ರೈಲು ಬಿಡುತ್ತಿರಲಿಲ್ಲ. ಮ್ಯಾಲೋ ನಿಲ್ದಾಣದಲ್ಲಿ ಬೆಳಗಿನಿಂದ ಹಾಗೇ ನಿಂತಿದ್ದ ರೈಲಿನಲ್ಲಿ ಹನೋರಾ ಮುದುಕಿ ಮೊಟ್ಟೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಎದುರು ಸೀಟಿನಲ್ಲಿ ಬಂದೂಕು ಹಿಡಿದ ಅಂಥದೇ ಒಬ್ಬ ಸಿಪಾಯಿ, ಅವನಿಗೆ ಒತ್ತಿಕೊಂಡು ಈ ರೈಲಿನ ಡ್ರೈವರನ ಮಗಳು ಗೋಬ್ನೆಟ್.

"ಬಂದೂಕು ಬಿಟ್ಟು ಬಾ ಅಂದಿದ್ನಲ್ಲ, ಎಡ್ಗರ್."

"ರಜದಲ್ಲೂ ಜೊತೇಲೇ ಇರ್ಬೇಕು ಕಣೆ. ಬಿಟ್ಟು ಬಂದ್ರೆ ನಮ್ಮೋರೇ ಜೈಲಿಗೆ ಹಾಕ್ತಾರೆ."

"ಕಾರ್ಕ್‌ನಲ್ಲಿ ನಮ್ಮ ಮದುವೆಗೆ ಪಾದ್ರಿ ಕಾಯ್ತಿದಾರೆ."

"ನಿಮ್ಮಪ್ಪನ್ನೇ ಒಂದು ಮಾತು ಕೇಳ್ಬಾರ್ದಾ?"

"ಇಂಜಿನ್ ಹತ್ರ ಹೋಗಿ ಕೇಳಿದ್ದಾಯ್ತು."

"ಏನಂದ್ರು?"

"'ಅಳಿಯ ಆಗೋದಾದ್ರೆ ಆಗ್ಲಿ, ರೈಲು ಮಾತ್ರ ಬಿಡಲ್ಲ' ಅಂದ."

ಹನೋರಾ ಕಣ್ಣು ಮುಚ್ಚಿಕೊಂಡೇ ಗೊಣಗಿದಳು: "ಯಾರಾದ್ರೂ ಒಬ್ರು ಸೋತುಬಿಡ್ರಪ್ಪಾ. ಇಲ್ಲೇ ಕೂತ್ರೆ ನನ್ನ ಮೊಟ್ಟೆಯೆಲ್ಲಾ ಮರಿಯಾಗ್ತಾವೆ."



"ಏಳು, ಇಳಿಯೋಣ," ಎಂದಳು ಗೋಬ್ನೆಟ್.

"ಎಲ್ಲಿಗೆ?"

"ಕಾರ್ಕ್‌ಗೇ. ನಡ್ಕೊಂಡು."

"ಅಷ್ಟು ದೂರಾನಾ?"

"ಇಲ್ಲಿ ಕೂತೂ ಕೂತೂ ಸಾಕಾಗಿದೆ."

ಅವರು ಇಳಿದು ಗೇಟು ದಾಟಿದರು. ಇನ್ನಾದರೂ ಹೊರಟೀತೆಂದು ಹನೋರಾ ಬುಟ್ಟಿಯನ್ನು ಬಿಗಿಯಾಗಿ ಹಿಡಿದಳು. ಹೊರಡಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ, ಡ್ರೈವರು ಇಂಜಿನ್ನಿನಿಂದ ತಲೆ ಹೊರಗೆ ಹಾಕಿ, ಅವರು ಹೋದ ರಸ್ತೆಯನ್ನೇ ನೋಡುತ್ತಾ ನಿಂತಿದ್ದ.