ಕಬ್ಬಿಣದ ಕಡಗ ಬಿಚ್ಚಿದ ದಿನ

ದನಿ ಇಳಿಸ್ರಿ. ಆ ಬಾವಿ ಇಲ್ಲಿಂದ ದೂರ ಏನಿಲ್ಲ.

ಇದು ನಮ್ಮ ಚಿಕ್ಕಪ್ಪನ ಮಗಳು ಮೀನಾಕ್ಷಿಗೆ ಆಗಿದ್ದು. ಎರಡು ಸಾವಿರದ ಏಳನೇ ಇಸ್ವಿ. ಹಿರಿಯೂರಲ್ಲಿ ಸಂತೆ ಮುಗಿಸ್ಕಂಡು ನಾವಿಬ್ರೂ ಅವಳ ಗಂಡನ ಊರು ಹರಿಯಬ್ಬೆಗೆ ಬರೋ ಹೊತ್ತಿಗೆ ಕತ್ತಲಾಗಿತ್ತು. ಆಗ್ಲೇ ಅವಳ ಎಡಗಾಲು ಜೋಮು ಹಿಡಿದು ನೆಲಕ್ಕೆ ಎಳೀತಿತ್ತು. ಸರ್ರ್... ಸರ್ರ್... ಬಾವಿ ಹತ್ರ ಸುಸ್ತಾಗಿ ನಿಂತ್ಕಂಡ್ಲು. ನಾನೂ ನಿಂತೆ.

ಸರ್ರ್... ಸರ್ರ್...

"ಅಕ್ಕಾ... ನಾನು ನಿಂತಿದೀನಿ," ಅಂದ್ಲು.

"ತಿರುಗಿ ನೋಡಬೇಡ. ನಡಿ."

ಎಷ್ಟೋ ವರ್ಷದ ಹಿಂದೆ ಆ ಬಾವಿಗೆ ಬಿದ್ದು ಸತ್ತೋಳು ತಿಪ್ಪಮ್ಮ. ಮೀನಾಕ್ಷಿ ಅತ್ತೆ ಕಮಲಮ್ಮನ ವಾರಗಿತ್ತಿ. ಆಗ ಇಪ್ಪತ್ತೆರಡು ವರ್ಷದೋಳು. ಅವಳೂ ಕಾಲು ಎಳೀತಿದ್ಲಂತೆ, ಕಣ್ಣು ಮಂಜು ಅಂತಿದ್ಲಂತೆ. ಮನೆಯೋರು ಕೆಲಸಗಳ್ಳಿ, ಸೋಗು ಹಾಕ್ತಾಳೆ ಅಂದ್ರು. ಎಲ್ರಿಗಿಂತ ಜೋರಾಗಿ ಅಂದೋಳು ಕಮಲಮ್ಮ. ಅದ್ಕೇ ಬಾವಿ ಹತ್ರ ಕೇಳಿದ ಸದ್ದಿನ ವಿಷ್ಯ ನಾವು ಹೇಳ್ತಿದ್ದಂಗೇ ಕುಲುಮೆಗೆ ಓಡಿಹೋಗಿ, ಸೊಸೆ ಕಾಲಿಗೆ ಕಬ್ಬಿಣದ ಕಡಗ ಹಾಕಿಸಿದ್ಲು. ಕಬ್ಬಿಣ ಇದ್ರೆ ದೆವ್ವ ಮುಟ್ಟಲ್ಲ ನೋಡ್ರಿ.

ಗಂಡ ಗಿರೀಶನಿಗೆ ದೆವ್ವದ ಮೇಲೂ ನಂಬಿಕೆ ಇಲ್ಲ, ಹೆಂಡ್ತಿ ಮೇಲೂ ಇಲ್ಲ. ಕಾಲಿಗೆ ಅಂತ ಮಾಡಿಸಿದ್ದ ಮೊದಲ್ನೇ ಸ್ಕ್ಯಾನಲ್ಲಿ ಮೆದುಳಲ್ಲಿ ಎರಡೇ ಎರಡು ಚುಕ್ಕೆ ಕಂಡಿದ್ವು. "ಅಷ್ಟಕ್ಕೆ ಯಾರಾದ್ರೂ ಕಾಲು ಎಳೀತಾರಾ? ಇನ್ನೊಂದು ಸ್ಕ್ಯಾನಲ್ಲೂ ಏನೂ ಸಿಗದಿದ್ರೆ ತವರಲ್ಲೇ ಇರ್ಲಿ," ಅಂದ. ಅವನ ಬಾಯಿಗೆ ಮಣ್ಣು ಹಾಕ!

ಗಿರೀಶನೂ ಸೇರಿ ಮೂವರೂ ಬೆಂಗಳೂರಿಗೆ ಹೋದ್ವಿ. ಡಾಕ್ಟ್ರು ಬಿಡಿಸಿ ಹೇಳಿದ್ರು. ಮೆದುಳಿನ ಬಿಳಿ ನರದ ಉದ್ದಕ್ಕೂ ನೀರಿನಂಶ ಸರಿದಾಡುತ್ತಂತೆ, ನಮ್ಮ ಮಾರಿಕಣಿವೆ ಕಾಲುವೆ ಇದ್ದಂಗೆ. ಏರಿ ಒಳಗೇ ಸವೆದಿದ್ರೆ ಕಣ್ಣಿಗೆ ಕಾಣಲ್ಲ, ಆದ್ರೆ ನೀರು ಪಕ್ಕಕ್ಕೆ ಜಿನುಗುತ್ತೆ. ಈ ಹೊಸ ಸ್ಕ್ಯಾನು ಆ ಜಿನುಗೋದನ್ನ ಹಿಡಿಯುತ್ತಂತೆ.

"ಮೈಮೇಲೆ ಕಬ್ಬಿಣ ಒಂಚೂರೂ ಇರಬಾರದು," ಅಂದ ಸ್ಕ್ಯಾನ್ ಮಾಡೋನು. ಕಡಗ ಬಿಚ್ಚಿ ನನ್ನ ಕೈಗೆ ಕೊಟ್ರು. ಸೆರಗಿನ ತುದೀಲಿ ಗಂಟು ಹಾಕ್ಕಂಡೆ.

ಬಾಗಿಲ ಹೊರಗೆ ಕುಂತು ಕೇಳಿದೆ. ಟಕ್ ಟಕ್ ಟಕ್... ಗುಂಯ್... ಮಿಷಿನ್ನು ಉಸಿರು ಬಿಡೋ ಸಂದಿನಲ್ಲಿ... ಸರ್ರ್... ಸರ್ರ್...

ಮೀನಾಕ್ಷಿ ಹೊರಗೆ ಬಂದ್ಲು. ಕೈ ಮುಟ್ಟಿದ್ರೆ ತಣ್ಣಗೆ.

"ಅಕ್ಕಾ... ಪಕ್ಕದಲ್ಲಿ ಯಾರೋ ಮಲಗಿದ್ರು."

"ಏನಂದ್ರು?"

"ನಂದೂ ನೋಡ್ಸೇ ತಾಯಿ, ಅಂದ್ರು."

ಮಾರನೇ ದಿನ ಡಾಕ್ಟ್ರು ಚಿತ್ರ ಹಿಡಿದು ತೋರ್ಸಿದ್ರು. ಚುಕ್ಕೆ ಇಲ್ಲದ ಕಡೇನೂ ನರ ಹಾಳಾಗಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ರೋಗ ಅಂದ್ರು. "ಇದು ನಾಟಕ ಅಲ್ಲಪ್ಪ," ಅಂತ ಗಿರೀಶನಿಗೇ ಹೇಳಿದ್ರು. ಮೀನಾಕ್ಷಿ ಅತ್ತಿದ್ದು ರೋಗಕ್ಕಲ್ಲ, ತನ್ನ ಮಾತು ನಿಜ ಆಯ್ತಲ್ಲ ಅಂತ.

ಕವರಲ್ಲಿ ಇನ್ನೊಂದು ಫಿಲಂ ಇತ್ತು.

"ಇದು ನಿಮ್ಮದಲ್ಲ. ಇವರಿಗೆ ಇನ್ನೂ ಜಾಸ್ತಿ ಆಗಿದೆ. ಬೇಗ ಕರ್ಕೊಂಡು ಬನ್ನಿ," ಅಂದ್ರು ಡಾಕ್ಟ್ರು. ಹೆಸರಿನ ಜಾಗ ಖಾಲಿ. ಹೆಣ್ಣು, ಇಪ್ಪತ್ತೆರಡು, ಹರಿಯಬ್ಬೆ.

ನಂದು ಮೊದಲೇ ಅನುಮಾನದ ಬುದ್ಧಿ. ಗಿರೀಶನ ಕಿತಾಪತಿ ಇರಬೇಕು ಅಂತ ಸ್ಕ್ಯಾನ್ ಮಾಡೋನ್ನ ಹಿಡಿದು ಕೇಳಿದೆ. ಹರಿಯಬ್ಬೆಯಿಂದ ಬಂದೋರು ಒಬ್ರೇ, ಅಂದ.

ಊರಿಗೆ ಬಂದು ಕಮಲಮ್ಮನಿಗೆ ಸೊಸೆ ರೋಗದ ವಿಷ್ಯ ಹೇಳಿದ್ವಿ, ಇನ್ನೊಂದು ಫಿಲಂ ಬಗ್ಗೆ ಏನೂ ಹೇಳಲಿಲ್ಲ. ಅವಳಿಗೆ ಓದೋಕೂ ಬರಲ್ಲ. ಎರಡು ಫಿಲಮೂ ಬೆಳಕಿಗೆ ಹಿಡಿದ್ಲು. ಸೊಸೇದನ್ನ ಕೆಳಗಿಟ್ಲು. ಇನ್ನೊಂದನ್ನ ಮಡಿಲಿಗೆ ಹಾಕ್ಕಂಡು ಕುಂತುಬಿಟ್ಲು.

"ತಿಪ್ಪಕ್ಕಾ... ನಿಂದೂ ಸೋಗಲ್ಲ ಕಣಕ್ಕಾ. ತಪ್ಪಾಯ್ತು."

ನಂಬ್ರಿ, ಬಿಡ್ರಿ. ನನ್ನ ಕಣ್ಣಾರೆ ಕಂಡಿದ್ದು. ಆ ಫಿಲಂ ಇವತ್ತಿಗೂ ಕಮಲಮ್ಮನ ಟ್ರಂಕಲ್ಲಿ ಐತೆ. ಯಾವಾಗ ತೆಗೆದ್ರೂ ಒದ್ದೆ.