ಪಾದ್ರಿಯ ಮೊಣಕಾಲಿನ ಕೂಗು

ಆ ಬಾಗಿಲು ಹಾಕಿ, ಗಾಳಿ ಬರುತ್ತೆ. ನಾಳೆನೂ ಹೆಲಿಕಾಪ್ಟರ್ ಏಳಲ್ಲ. ಪೈಲಟ್ ಆಗಲೇ ಬೂಟು ಬಿಚ್ಚಿ ಮಲಗಿಬಿಟ್ಟಿದ್ದಾನೆ. ನೀವು ಎಲ್ಲೆಲ್ಲಿಂದಲೋ, ಹೆಲಿಕಾಪ್ಟರಿನಲ್ಲಿ ಬೆಟ್ಟದ ತುದಿಗೆ ಹೋಗಿ ಸ್ಕೀ ಮಾಡಬೇಕು ಅಂತ ಬಂದವರು, ಬೆಳಗ್ಗೆಯಿಂದ ಕಿಟಕಿ ಹತ್ತಿರ ನಿಂತು ಮೋಡಕ್ಕೆ ಶಾಪ ಹಾಕುತ್ತಾ ಇದ್ದೀರಿ. ಹಾಕಿ. ಈ ಬೆಟ್ಟಕ್ಕೆ ಯಾರ ಶಾಪವೂ ತಟ್ಟಿದ್ದನ್ನ ನಾನಂತೂ ನೋಡಿಲ್ಲ.

ಊಟದ ಹೊತ್ತಿಗೆ ನಿಮ್ಮಲ್ಲೊಬ್ಬರು ಕೇಳಿದಿರಿ... ಬೇರೆ ಗೈಡುಗಳೆಲ್ಲ ಕಾಡಿನಲ್ಲಿ ಇಳಿಯುವಾಗ ಬಾಯಲ್ಲಿ ಕೂಗಿ ಅಂತಾರೆ, ಗಾರ್ಡಿ ಮಾತ್ರ ಯಾಕೆ ಎಲ್ಲರ ಕೊರಳಿಗೂ ಸೀಟಿ ಕಟ್ಟುತ್ತಾನೆ ಅಂತ. ಅವನು ಹೇಳಲ್ಲ. ಆ ಮಾತು ಬಂತು ಅಂದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಾನೆ. ಈಗ ಮಲಗಿದ್ದಾನೆ, ಅದಕ್ಕೇ ನಾನು ಹೇಳುತ್ತಿರೋದು. ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋಕೆ ನನಗಿಷ್ಟ ಇಲ್ಲ. ಗಾರ್ಡಿ ನನ್ನ ಚಿಕ್ಕಪ್ಪನ ಮಗ. ಅವನ ತಂಗಿ ಮಾರ್ನಿಯನ್ನ ನಾನೇ ಎತ್ತಿ ಆಡಿಸಿದ್ದು.

ಬೇರೆ ಕಡೆ ದೆವ್ವ ಬಾವಿ ಹತ್ತಿರ ಇರುತ್ತೆ, ಹಳೇ ಮರದ ಹತ್ತಿರ ಇರುತ್ತೆ ಅಂತಾರೆ. ನಮ್ಮ ಬೆಟ್ಟದಲ್ಲಿ ಎರಡೂ ಒಂದೇ ಜಾಗ. ದೊಡ್ಡ ಸೀಡರ್ ಮರದ ಕೆಳಗಿನ ಕೊಂಬೆಗಳು ಕೊಡೆ ಹಿಡಿದ ಹಾಗೆ ಹಿಮ ತಡೆಯುತ್ತವೆ. ಸುತ್ತ ಆಳೆತ್ತರ ಹಿಮ ಬಿದ್ದರೂ ಬುಡ ಮಾತ್ರ ಟೊಳ್ಳು. ಮೇಲಿಂದ ಏನೂ ಕಾಣಲ್ಲ. ಸ್ಕೀ ಜಾರಿ ಅದರೊಳಕ್ಕೆ ಹೋದಿರೋ, ತಲೆ ಕೆಳಗೆ, ಕಾಲು ಮೇಲೆ. ಒದ್ದಾಡಿದಷ್ಟೂ ಮೇಲಿನ ಹಿಮ ಬಾಯಿಗೆ ಸುರಿಯುತ್ತೆ. ಮರದ ಬಾವಿ ಅಂತೀವಿ ಅದಕ್ಕೆ. ಅದಕ್ಕೇ ಕಾಡಿನಲ್ಲಿ ಜೋಡಿಯಾಗಿ ಇಳಿಯೋದು. ಒಬ್ಬರು "ಹೂ...ಪ್" ಅಂತ ಕೂಗಬೇಕು, ಜೊತೆಯವರು ಓಗೊಡಬೇಕು. ಮೂರು ಸಲ ಕೂಗಿದರೂ ಓಗೊಡಲಿಲ್ಲ ಅಂದರೆ ಬಾವಿಗೆ ಬಿದ್ದರು ಅಂತಲೇ ಲೆಕ್ಕ.

ಮಾರ್ನಿಯೂ ಗೈಡ್ ಆಗಿದ್ದಳು. ಗಾರ್ಡಿ ಮುಂದೆ, ಅತಿಥಿಗಳು ನಡುವೆ, ಎಲ್ಲರ ಹಿಂದೆ ಅವಳು. ಅವಳ "ಹೂಪ್" ಬೇರೆ ಥರ. ಕೊನೆಯಲ್ಲಿ ಬಿಕ್ಕಳಿಕೆ ಬಂದ ಹಾಗೆ ದನಿ ಮೇಲಕ್ಕೆ ಹಾರೋದು. ಬಚ್ಚಲಲ್ಲಿ ಕೂತ ಕಪ್ಪೆ ಅಂತ ನಾವೆಲ್ಲ ರೇಗಿಸುತ್ತಿದ್ದೆವು. ಒಂದು ಚಳಿಗಾಲ, ಪಾದ್ರಿಯ ಮೊಣಕಾಲು ಅಂತೀವಲ್ಲ, ಆ ಇಳಿಜಾರಿನಲ್ಲಿ ಗಾರ್ಡಿ ಕೂಗಿದ. ಮೇಲಿಂದ ಅವಳು ಓಗೊಟ್ಟಳು. ಸರಿ ಅಂತ ಅವನು ಇಳಿದ. ಕೆಳಗೆ ಬಂದು ಕಾದ... ಕಾದ... ಅವಳು ಬರಲಿಲ್ಲ.

ಎದೆಗೆ ಕಟ್ಟುವ ಪೆಟ್ಟಿಗೆ ಇದೆಯಲ್ಲ, ಬೀಕನ್, ಬೆಳಗ್ಗೆ ನಿಮಗೂ ಕಟ್ಟಿದರಲ್ಲ, ಅದು ಹಿಮದೊಳಗಿಂದಲೂ ಸದ್ದು ಕಳಿಸುತ್ತೆ. ಹುಡುಕುವವರು ತಮ್ಮ ಪೆಟ್ಟಿಗೆಯ ಗುಂಡಿಯನ್ನ 'ಹುಡುಕು' ಕಡೆಗೆ ತಿರುಗಿಸಿದರೆ ಆ ಸದ್ದು ಕೇಳುತ್ತೆ. ಆದರೆ ಗುಂಡಿ 'ಹುಡುಕು' ಕಡೆಗೆ ಇದ್ದಾಗ ಆ ಪೆಟ್ಟಿಗೆ ತಾನು ಏನೂ ಕಳಿಸಲ್ಲ. ಇದನ್ನ ನೆನಪಿಟ್ಟುಕೊಳ್ಳಿ. ಆಗಿನ ಪೆಟ್ಟಿಗೆಗಳಲ್ಲಿ ಬಾಣ, ಅಂಕಿ ಏನೂ ಇರಲಿಲ್ಲ. ಒಂದು ವೈರು, ಒಂದು ಕಿವಿಗೆ ಸಿಕ್ಕಿಸುವ ಗುಬುಟು. ಟಿಕ್... ಟಿಕ್... ಹತ್ತಿರ ಹೋದಷ್ಟೂ ಜೋರು. ಆ ಟಿಕ್ ಟಿಕ್ ಹಿಡಿದೇ ಗಾರ್ಡಿ ತಂಗಿಯನ್ನ ಹುಡುಕಿದ್ದು. ಸೀಡರ್ ಬುಡದಲ್ಲಿ, ತಲೆಕೆಳಗಾಗಿ ಇದ್ದಳು. ಅವಳ ಸ್ಕೀ ಗುರುತು ನೋಡಿದರೆ, ಅವಳು ಇಳಿಯುತ್ತಾ ಇರಲಿಲ್ಲ, ವಾಪಸ್ ಮೇಲಕ್ಕೆ ಹತ್ತುತ್ತಾ ಇದ್ದಳು. ಎಲ್ಲರಿಗಿಂತ ಹಿಂದೆ ಇದ್ದವಳು ಯಾರಿಗೋಸ್ಕರ ಮೇಲೆ ಹತ್ತಿದಳೋ... ದೇವರಿಗೇ ಗೊತ್ತು. ಮಣ್ಣಿಗಿಡುವ ಮೊದಲು ಅವಳಿಗೆ ಬಟ್ಟೆ ತೊಡಿಸಿದವಳು ನಾನು. ಅದನ್ನ ಹೇಳಲ್ಲ.

ಮರುವರ್ಷ ಒಂದು ಸಂಜೆ ಗಾರ್ಡಿ ಈ ಅಡುಗೆಮನೆಗೆ ಬಂದ. ಮೈ ತುಂಬಾ ಹಿಮ, ಮುಖ ಬಿಳಿಚಿಕೊಂಡಿದೆ, ಆದರೆ ಕಣ್ಣಲ್ಲಿ ಸಂತೋಷ. ಆ ಸಂತೋಷ ನೋಡಿಯೇ ನಾನು ಹೆದರಿದ್ದು.

"ಅಕ್ಕಾ... ಮಾರ್ನಿ ಓಗೊಟ್ಲು," ಅಂದ. ಪಿಸುಮಾತಲ್ಲಿ.

ಬೈದೆ. ಶಿಲುಬೆ ಗುರುತು ಮಾಡಿಕೊಂಡೆ. ಸೂಪ್ ಬಡಿಸಿ ಕೂರಿಸಿದೆ. ಏನೂ ಉಪಯೋಗ ಆಗಲಿಲ್ಲ. ಹಿಮ ದಟ್ಟವಾಗಿ ಸುರಿಯುವ ದಿನ, ಆ ಸೀಡರ್ ಕಡೆಯಿಂದ ಕೂಗು ಬರುತ್ತಿತ್ತಂತೆ, ಕೊನೆಯಲ್ಲಿ ಅದೇ ಬಿಕ್ಕಳಿಕೆ. ಇವನು ಓಗೊಡುವುದು, ಅದು ಮತ್ತೆ ಕೂಗುವುದು. ಮರದವರೆಗೂ ಹೋಗಿ ನಿಂತುಕೊಂಡು ಬರುತ್ತಿದ್ದ. ಕೆಳಗಿನ ಊರಲ್ಲಿ ಒಳ್ಳೇ ಕೆಲಸ ಸಿಕ್ಕಿತ್ತು, ಬಿಟ್ಟ. ಮದುವೆಗೆ ಒಂದು ಹುಡುಗಿ ಒಪ್ಪಿದ್ದಳು, ಅದನ್ನೂ ಬಿಟ್ಟ. ಆ ಕೂಗಿಗೋಸ್ಕರ ಇಲ್ಲೇ ಉಳಿದ.

ಆಗ ನಮ್ಮ ದೊಡ್ಡ ಗೈಡ್ ರೀಟೋ ಅಂತ. ಸ್ವಿಸ್ ಮುದುಕ, ಒಂದು ಮಾತಾಡೋಕೆ ಒಂದು ವಾರ ಯೋಚಿಸುವವನು. ಅವನು ಒಂದು ದಿನ ಗಾರ್ಡಿಯ ಭುಜ ಹಿಡಿದು ಹೇಳಿದ. "ಓಗೊಡ್ಬೇಡ ಕಣೋ. ಅದು ಆ ಹುಡುಗಿ ಅಲ್ಲ." ಗಾರ್ಡಿ ಅವನ ಕೈ ಕೊಡವಿ ಹೋದ. ತಿಂಗಳುಗಟ್ಟಲೆ ಮಾತು ಬಿಟ್ಟ.

ಇನ್ನು ಆ ದಿನದ ಸಂಗತಿ.

ಫೆಬ್ರವರಿ. ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಊಟದ ಬುತ್ತಿ ಕಟ್ಟಿ ಕಳಿಸಿದ್ದೆ, ಎಲ್ಲರೂ ಹಾಡಿಕೊಂಡು ಹೋದರು. ಮಧ್ಯಾಹ್ನ ಪೈಲಟ್ ಅವರನ್ನ ಪಾದ್ರಿಯ ಮೊಣಕಾಲಿನ ತುದಿಗೆ ಬಿಟ್ಟು ಏಳುವಾಗಲೇ ಸರೋವರದ ಕಡೆಯಿಂದ ಮೋಡ ಹತ್ತುತ್ತಾ ಇತ್ತು. ರೆಕ್ಕೆಯ ಸದ್ದು ಟಪ್ ಟಪ್ ಟಪ್ ಅಂತ ದೂರ ಆಯಿತು... ಆಮೇಲೆ ಏನೂ ಇಲ್ಲ. ಬರೀ ಬಿಳಿ. ತನ್ನ ಸ್ಕೀ ತುದಿ ತನಗೇ ಕಾಣದಷ್ಟು. ಹೆಲಿಕಾಪ್ಟರ್ ವಾಪಸ್ ಅಲ್ಲಿಗೆ ಬರುವ ಹಾಗಿಲ್ಲ. ಕಾಡಿನ ಮೂಲಕ ಕೆಳಗಿನ ಬಯಲಿಗೆ ಇಳಿಯಲೇಬೇಕು. ರೀಟೋ ಮುಂದೆ, ಗಾರ್ಡಿ ಹಿಂದೆ.

ನಡುವೆ ಒಂದು ಜರ್ಮನ್ ಜೋಡಿ ಇತ್ತು, ಹೈಕೆ ಅಂತ ಹೆಂಗಸು, ಅವಳ ಗಂಡ ಊವ. ಪಾಪ, ಒಳ್ಳೇ ಜನ. ತಿಂದ ತಟ್ಟೆ ತಾವೇ ತಂದು ಇಡುತ್ತಿದ್ದರು. ಊವ ಮುಂದೆ ಇಳಿಯುತ್ತಾ ಕೂಗಿದ, ಹಿಂದಿನಿಂದ ಹೆಂಡತಿ ಓಗೊಟ್ಟಳು. ಮತ್ತೆ ಕೂಗಿದ, ಮತ್ತೆ ಓಗೊಟ್ಟಳು. ಬಯಲಿಗೆ ಬಂದು ತಿರುಗಿ ನೋಡಿದರೆ... ಹಿಂದೆ ಯಾರೂ ಇಲ್ಲ. "ಈಗ್ತಾನೇ ಓಗೊಟ್ಲು, ಈಗ್ತಾನೇ," ಅಂತ ಅದನ್ನೇ ಹೇಳುತ್ತಾ ನಿಂತಿದ್ದನಂತೆ.

ರೀಟೋ ವಾಕಿಟಾಕಿಯಲ್ಲಿ ಹೇಳಿದ್ದು ಇಷ್ಟೇ. "ಗಾರ್ಡಿ, ಒಬ್ರು ಕಮ್ಮಿ." ಗಾರ್ಡಿ ಆಗ ಇನ್ನೂ ಕಾಡಿನ ಕೆಳ ಅಂಚಿನಲ್ಲಿದ್ದ. ಆ ಬಿಳಿಯಲ್ಲಿ ಅವಳನ್ನ ದಾಟಿಕೊಂಡೇ ಬಂದಿದ್ದಾನೆ, ಗೊತ್ತಾಗಿಲ್ಲ. ಹತ್ತುವಾಗ ಹಿಂದಕ್ಕೆ ಜಾರದ ಹಾಗೆ ಸ್ಕೀ ತಳಕ್ಕೆ ಪಟ್ಟಿ ಕಟ್ಟಿಕೊಂಡು, ತನ್ನ ಪೆಟ್ಟಿಗೆ 'ಹುಡುಕು'ಗೆ ತಿರುಗಿಸಿ, ವಾಪಸ್ ಹತ್ತಿದ. ಕೆಳಗೆ ರೀಟೋ ಒಬ್ಬೊಬ್ಬರ ಎದೆ ಮೇಲಿನ ಗುಂಡಿಯನ್ನೂ ತನ್ನ ಕೈಯಾರೆ ತಿರುಗಿಸಿದ, ತನ್ನದನ್ನೂ ತಿರುಗಿಸಿದ. ಇವರ ಸದ್ದು ಅವಳ ಸದ್ದಿಗೆ ಅಡ್ಡ ಬರಬಾರದಲ್ಲ. ಎಲ್ಲರನ್ನೂ ಒಂದೇ ಕಡೆ ನಿಲ್ಲಿಸಿ, ಗಾರ್ಡಿ ಹಿಂದೆ ತಾನೂ ಹೊರಟ.

ಬಾವಿಗೆ ಬಿದ್ದವರಿಗೆ ಸಮಯ ಇರಲ್ಲ. ಒಂದು ಬ್ರೆಡ್ಡು ಬೇಯುವಷ್ಟು ಹೊತ್ತೂ ಇರಲ್ಲ.

ಗಾರ್ಡಿ ಹತ್ತಿದ. ಸ್ಕೀ ಸದ್ದು ಸರ್... ಸರ್... ಎಲ್ಲೋ ಕೊಂಬೆಯಿಂದ ಹಿಮ ಥಪ್ ಅಂತ ಬೀಳುವುದು. ಬಲಗಿವಿಗೆ ಗುಬುಟು ಸಿಕ್ಕಿಸಿದ್ದಾನೆ, ಅದರಲ್ಲಿ ಬರೀ ಹುಸ್ ಅನ್ನುವ ಸದ್ದು. ಹೆಸರು ಹಿಡಿದು ಕೂಗಿದ. ಏನಿಲ್ಲ.

ಆಗ ಎಡಗಡೆ, ಮೇಲಿಂದ...

"ಹೂ...ಪ್."

ಕೊನೆಯಲ್ಲಿ ಬಿಕ್ಕಳಿಕೆ.

ಅವನ ಸ್ಕೀ ತಾನಾಗಿಯೇ ಎಡಕ್ಕೆ ತಿರುಗಿತಂತೆ. ಓಗೊಡೋಕೆ ಬಾಯಿ ತೆರೆದ. ಅದೇ ಗಳಿಗೆಯಲ್ಲಿ ಬಲಗಿವಿಯಲ್ಲಿ ತೀರಾ ಸಣ್ಣಗೆ... ಟಿಕ್. ನಿಂತ. ಉಸಿರು ಹಿಡಿದ. ಟಿಕ್... ಟಿಕ್... ಎಡಕ್ಕೆ ಒಂದು ಹೆಜ್ಜೆ ಇಟ್ಟ, ಸದ್ದು ಸತ್ತಿತು. ಬಲಕ್ಕೆ ತಿರುಗಿದ, ಮತ್ತೆ ಬಂತು.

ಒಂದು ಕಿವಿಯಲ್ಲಿ ತಂಗಿ. ಇನ್ನೊಂದು ಕಿವಿಯಲ್ಲಿ ಯಾರೋ ಊರು ಗೊತ್ತಿಲ್ಲದ ಹೆಂಗಸು, ಬದುಕಿದ್ದಾಳೋ ಇಲ್ಲವೋ.

ಮತ್ತೆ ಕೂಗು ಬಂತು. ಈ ಸಲ ಜೋರಾಗಿ, ಅಳು ಬೆರೆತ ಹಾಗೆ. ಅವನಿಗೆ ಗೊತ್ತು, ಮೂರು ಸಲ ಓಗೊಡದಿದ್ದರೆ ಏನರ್ಥ ಅಂತ. ತಂಗಿಯ ಪಾಲಿಗೆ ತಾನು ಸತ್ತ ಅಂತ. ಎಲ್ಲಿ ಬಾಯಿ ತಪ್ಪಿ ಓಗೊಟ್ಟುಬಿಡುತ್ತೇನೋ ಅಂತ ಕೈಗವಸು ಕಚ್ಚಿ ಹಿಡಿದನಂತೆ. "ತಪ್ಪಾಯ್ತು ಪುಟ್ಟಿ," ಅಂತ ಒಳಗೊಳಗೇ ಹೇಳಿಕೊಂಡು ಬಲಕ್ಕೆ ಹೊರಟ. ಬೆನ್ನ ಹಿಂದೆ ಮೂರನೇ ಕೂಗು. ಆಮೇಲೆ ಕಾಡು ಸುಮ್ಮನಾಯಿತು. ಅವನು ಅಳುತ್ತಾ ಹತ್ತಿದ. ಮುಖದ ಮೇಲೆ ಕಣ್ಣೀರು ಹೆಪ್ಪುಗಟ್ಟಿದ ಗುರುತು ಇಲ್ಲಿಗೆ ಬಂದಾಗಲೂ ಇತ್ತು, ನಾನು ನೋಡಿದೆ.

ಟಿಕ್ ಟಿಕ್ ಜೋರಾಯಿತು. ಟಿಕ್ಟಿಕ್ಟಿಕ್... ಕಿವಿ ನೋಯುವಷ್ಟು. ಒಂದು ಹೆಮ್ಲಾಕ್ ಮರದ ಬುಡದಲ್ಲಿ ಕೆಂಪು ಬೂಟಿನ ಹಿಮ್ಮಡಿ, ಅಷ್ಟೇ ಮೇಲೆ ಕಾಣುತ್ತಿತ್ತು. ಸಲಿಕೆ ಹಾಕಿ ಅಗೆದ, ಕೈಯಲ್ಲಿ ಬಗೆದ. ಅಷ್ಟರಲ್ಲಿ ರೀಟೋ ಬಂದ. ಇಬ್ಬರೂ ಸೇರಿ ಎಳೆದರು. ತುಟಿ ನೀಲಿ. ಬಾಯೊಳಗಿನ ಹಿಮ ತೆಗೆದು ಒಮ್ಮೆ ಉಸಿರು ಊದಿದ್ದೇ, ಹೈಕೆ ಕೆಮ್ಮಿದಳು.

ಮೋಡ ಸ್ವಲ್ಪವೇ ಬಿರುಕು ಬಿಟ್ಟಿತು. ಆ ಪೈಲಟ್ ಹುಚ್ಚ, ಅದರೊಳಗೆ ನುಗ್ಗಿ ಎಲ್ಲರನ್ನೂ ತಂದ. ಹೈಕೆಗೆ ಕಂಬಳಿ ಸುತ್ತಿ ಇಲ್ಲೇ, ಒಲೆ ಪಕ್ಕ, ಕೂರಿಸಿದೆ. ಸಾರು ಕುಡಿಸಿದೆ. ಊವ ಅವಳ ಕಾಲು ಹಿಡಿದುಕೊಂಡು ನೆಲದಲ್ಲೇ ಕೂತಿದ್ದ. ಗಾರ್ಡಿ ಮಾತ್ರ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕೂತ. ಜೀವ ಉಳಿಸಿದವನ ಮುಖವೇ ಅಲ್ಲ ಅದು. ಹತ್ತಿರ ಹೋದೆ. "ಬೆನ್ನು ಹಾಕಿ ಬಂದ್ಬಿಟ್ಟೆ ಅಕ್ಕಾ. ಇನ್ನು ಅವಳು ಕರೆಯಲ್ಲ," ಅಂದ. ನನಗೂ ಅಳು ತಡೆಯಲಿಲ್ಲ.

ಹೈಕೆಗೆ ಮಾತು ಬಂದ ಮೇಲೆ ನಡೆದದ್ದು ಹೇಳಿದಳು. ಕಾಡಿನ ಮಧ್ಯೆ ಅವಳಿಗೆ ಮೇಲಿಂದ ಕೂಗು ಕೇಳಿತಂತೆ. ಗಂಡ ದಾರಿ ತಪ್ಪಿ ಹಿಂದೆ ಬಿದ್ದ ಅಂದುಕೊಂಡಳು. ಅವಳೂ ಮೂರು ಸಲ ಕೂಗಿದಳು, ಉತ್ತರ ಇಲ್ಲ. ಬಾವಿಗೆ ಬಿದ್ದಿದ್ದಾನೆ ಅಂತ ಗಾಬರಿಯಾಗಿ, ನಾವೇ ಕಲಿಸಿಕೊಟ್ಟ ಹಾಗೆ ಅಚ್ಚುಕಟ್ಟಾಗಿ ಗುಂಡಿ ತಿರುಗಿಸಿ, ಗುಬುಟು ಕಿವಿಗೆ ಸಿಕ್ಕಿಸಿ, ಅವನನ್ನ ಹುಡುಕೋಕೆ ಮೇಲೆ ಹತ್ತಿದಳು. ಹತ್ತುವಾಗ ಮರದ ಬುಡ ಕುಸಿಯಿತು.

ರೀಟೋ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟ. "ಗಾರ್ಡಿ," ಅಂದ. "ಇವರ ಪೆಟ್ಟಿಗೆ ಏನೂ ಕಳಿಸ್ತಾ ಇರ್ಲಿಲ್ಲ. ನೀನು ಯಾವ ಸದ್ದು ಹಿಡ್ಕೊಂಡು ಹೋದೆ?"

ಗಾರ್ಡಿ ನಿಧಾನವಾಗಿ ಈ ಕಡೆ ತಿರುಗಿದ. ಆ ಹೆಂಗಸಿಗೆ ಇವರ ಮುಖ ನೋಡಿ ಏನೂ ಅರ್ಥವಾಗಲಿಲ್ಲ. ಅವಳಿಗೆ ತನ್ನದೇ ಒಂದು ಚಿಂತೆ.

"ನನ್ನ ಪೆಟ್ಟಿಗೇಲಿ ಒಂದು ಸದ್ದು ಕೇಳ್ತಾನೇ ಇತ್ತು," ಅಂದಳು. "ತೀರಾ ಪಕ್ಕದಲ್ಲಿ... ಟಿಕ್ ಟಿಕ್ ಅಂತ. ಯಾರೋ ಜೊತೆಗಿದ್ದಾರೆ ಅನ್ನೋ ಧೈರ್ಯಕ್ಕೇ ನಾನು ಒದ್ದಾಡದೆ ಸುಮ್ನಿದ್ದೆ. ಅವರನ್ನೂ ಅಗೆದು ತೆಗೆದ್ರಿ ತಾನೇ?"

ಗಾರ್ಡಿ ಎದ್ದು ಬಂದು ಅವಳ ಮುಂದೆ ಮಂಡಿಯೂರಿದ. ಕಂಬಳಿ ಸರಿಮಾಡಿದ.

"ಹೂಂ," ಅಂದ. "ಅವಳನ್ನ ಆಗ್ಲೇ ತೆಗೆದಿದ್ದೀವಿ."

ಆಮೇಲೆ ನನ್ನ ಸೊಂಟಕ್ಕೆ ತಲೆ ಒತ್ತಿ ಚಿಕ್ಕ ಮಗುವಿನ ಹಾಗೆ ಅತ್ತ. ಇಷ್ಟು ವರ್ಷ ಅವನು ಯಾವುದಕ್ಕೆ ಓಗೊಡುತ್ತಿದ್ದನೋ, ಊವನಿಗೆ ಓಗೊಟ್ಟದ್ದು ಯಾವುದೋ... ನನಗೆ ಆ ವಿಚಾರ ಬೇಡ. ಈಗಲೂ ಹಿಮ ಸುರಿಯುವ ದಿನ ಆ ಸೀಡರ್ ಕಡೆಯಿಂದ ಕೂಗು ಬರುತ್ತಂತೆ. ಗಾರ್ಡಿ ಓಗೊಡಲ್ಲ, ಯಾರಿಗೂ ಓಗೊಡೋಕೆ ಬಿಡಲ್ಲ. ಬಾಯಿ ಕೂಗನ್ನ ನಂಬೋ ಹಾಗಿಲ್ಲ, ಅದಕ್ಕೇ ನಿಮ್ಮ ಕೊರಳಿಗೆ ಸೀಟಿ. ಆ ಟಿಕ್ ಟಿಕ್ ಮಾತ್ರ ಮತ್ತೆ ಬರಲಿಲ್ಲ. ಅದಕ್ಕೋಸ್ಕರ ಅವನು ಎಷ್ಟು ಸಲ ಆ ಕಾಡಲ್ಲಿ ಒಬ್ಬನೇ ನಿಂತಿದ್ದಾನೆ ಅಂತ ನನಗೊಬ್ಬಳಿಗೆ ಗೊತ್ತು.

ನಗುತ್ತಿದ್ದೀರಾ? ನಗಿ. ಹೈಕೆ ಬಿದ್ದಾಗ ಗುಂಡಿ ತಾನಾಗಿ ವಾಪಸ್ ತಿರುಗಿರಬಹುದು, ಆಮೇಲೆ ಯಾರೋ ಮುಟ್ಟಿರಬಹುದು ಅಂತ ಒಬ್ಬ ಎಂಜಿನಿಯರ್ ನನಗೆ ಪಾಠ ಹೇಳಿದ್ದ. ಆ ಪೆಟ್ಟಿಗೆಯನ್ನ ಅವಳ ಎದೆಯಿಂದ ಬಿಚ್ಚಿದವಳು ನಾನು. ಗುಂಡಿ 'ಹುಡುಕು' ಕಡೆಗೇ ಇತ್ತು. ಅದರ ಸುತ್ತ ಮಂಜುಗಡ್ಡೆ ಗಟ್ಟಿಯಾಗಿ ಕಟ್ಟಿತ್ತು, ಬೆರಳಿಗೆ ಜಗ್ಗಲಿಲ್ಲ. ಕೆಟಲಿನ ಹಬೆಗೆ ಹಿಡಿದು, ಕರಗಿಸಿ, ನಾನೇ ತಿರುಗಿಸಿದೆ.