ಬಾವಿಕಟ್ಟೆಯ ಹಸಿರು ಟವಲು

ದೆವ್ವ ಅಂದರೆ ಹನ್ನೆರಡು ಗಂಟೆ ಮೇಲೆ ಅಂತೀರಿ. ಇದು ನಡೆದದ್ದು ರಾತ್ರಿ ಎಂಟಕ್ಕೆ, ಅಕ್ಕಪಕ್ಕದ ಮನೆಗಳಲ್ಲಿ ಕುಕ್ಕರ್ ಕೂಗೋ ಹೊತ್ತಲ್ಲಿ. ಇದನ್ನ ಕಂಡ ಗೂಳಪ್ಪ ಯಾರೋ ದಾರಿಹೋಕ ಅಲ್ಲ, ನಮ್ಮ ದೊಡ್ಡಮ್ಮನ ಮಗ. ಗೊಟ್ಟಿಗೆರೆಯಲ್ಲಿ ಅವರಪ್ಪ ರಾಗಿ ಬಿತ್ತುತ್ತಿದ್ದ ಹೊಲದಲ್ಲೇ ಈಗ ಮೂರಂತಸ್ತು ಎಬ್ಬಿಸಿ, ಮೇಲಿನದನ್ನ ಬಾಡಿಗೆಗೆ ಕೊಟ್ಟು, ಕೆಳಗೆ ತಾನಿದ್ದಾನೆ.

ಬಸ್ಸಿಳಿದು ಅವನ ಮನೆಗೆ ಹೋಗೋ ದಾರಿಯಲ್ಲಿ ಒಂದು ಆಲದ ಮರ. ಅದರ ಬುಡದಲ್ಲಿ ಹಳೇ ಬಾವಿ. ನೀರು ಬತ್ತಿ ಎಷ್ಟೋ ಕಾಲವಾಯ್ತು, ಮೇಲೆ ಕಬ್ಬಿಣದ ಜಾಲರಿ. ಆವತ್ತು ಕರೆಂಟ್ ಇರಲಿಲ್ಲ. ಗಂಡ ಹೆಂಡತಿ ಒಂದು ನಾಮಕರಣದ ಊಟ ಮುಗಿಸಿ ನಡೆದು ಬರ್ತಿದ್ದರು. ಉಮಾಮಹೇಶ್ವರಿ ಗಕ್ಕನೆ ನಿಂತಳು.

"ರೀ... ಬಾವಿ ಹತ್ರ ಯಾರೋ ನಿಂತವ್ರೆ."

"ಯಾರೂ ಇಲ್ಲ, ನಡಿಯೇ."

"ಎಷ್ಟು ದೊಡ್ಡೋನು... ಮರದಷ್ಟು... ಅಯ್ಯೋ, ಈಗ ಹೆಬ್ಬೆಟ್ಟಷ್ಟಾದ." ಅವಳ ದನಿ ಇಳಿಯಿತು. "ಹೆಗಲ ಮೇಲೆ ಹಸಿರು ಟವಲು. ಕೈಲಿ ಮಣ್ಣಿನ ಚಟ್ಟಿ... ಮೆಣಸಿನಕಾಯಿ ಸುಡ್ತಾವ್ನೆ. ಘಾಟು ಬರ್ತಿಲ್ವಾ ನಿಮಗೆ?"

ಬರ್ತಿರಲಿಲ್ಲ. ಮನೆಗೆ ಬಂದ ಮೇಲೆ ಅವಳು ಗಂಡನ ಮುಖವನ್ನೇ ದಿಟ್ಟಿಸಿ, "ನೀವ್ಯಾರು?" ಅಂದಳು. ಹದಿನೆಂಟು ವರ್ಷ ಜೊತೆಗೆ ಬಾಳಿದವಳು! ಗೋಡೆಗೆ ಮುಖ ಹಾಕಿ ಅತ್ತಳು. ವಾಂತಿ ಮಾಡಿಕೊಂಡಳು. ಮಲಗಿದಳು. ಬೆಳಗ್ಗೆ ಎದ್ದು ಏನೂ ಆಗದವಳಂತೆ ಉಪ್ಪಿಟ್ಟು ಮಾಡಿದಳು.

ಹೀಗೇ ಮೂರು ಸಲ ಆಯ್ತು. ಮೇಲಿನ ಮನೆಯಲ್ಲಿ ರೇಣುಕವ್ವ ಅಂತ ಬಾಡಿಗೆಗಿದ್ದಳು, ಗದಗದ ಕಡೆಯವಳು. ಮೂರನೇ ಸಲ ಸದ್ದು ಕೇಳಿ ಇಳಿದು ಬಂದು, "ಅಣ್ಣಾರ, ಲೈಟ್ ಬಂದ್ ಮಾಡ್ರಿ. ಕತ್ತಲ್ದಾಗ ಮಲಗ್ಲಿ ಅಕ್ಕಾರು. ನಮ್ಮವ್ವಗೂ ಹಿಂಗ ಆಗ್ತಿತ್ತು, ತಲಿ ಬ್ಯಾನಿ ಇದು," ಅಂದಳು.

"ಅವಳು ತಲೆನೋವು ಅಂತ ಒಂದ್ಸಲಾನೂ ಅಂದಿಲ್ಲಮ್ಮ. ನೀವು ಮೇಲಕ್ಕೆ ಹೋಗಿ," ಅಂದ ಗೂಳಪ್ಪ. ಓನರ್ ಅಲ್ವಾ. ಬಾಡಿಗೆಯವರು ಬುದ್ಧಿ ಹೇಳಿದರೆ ಮೈ ಉರಿಯುತ್ತೆ.

ನಾಲ್ಕನೇ ಸಲ ಗಾಳಿ ಬಿಡಿಸೋನೊಬ್ಬನನ್ನ ಕರೆಸಿದ. ಅವನು ಅಂಗಳಕ್ಕೆ ಮದುವೆಮನೆ ಫೋಕಸ್ ಲೈಟ್ ಹಾಕಿಸಿ, ಅದರ ಮುಂದೆ ಉಮಾಮಹೇಶ್ವರಿಯನ್ನ ಕೂರಿಸಿದ. ಕಿವಿ ಪಕ್ಕದಲ್ಲೇ ತಮಟೆ... ಟಣ್ ಟಕ ಟಣ್... ಟಣ್ ಟಕ ಟಣ್. ಚಟ್ಟಿಯ ಕೆಂಡಕ್ಕೆ ಒಣಮೆಣಸಿನಕಾಯಿ ಸುರಿದ. ಚಟ್... ಚಟಾರ್.

"ಹೊಗೆ ಗಂಡನ ಕೈಯಿಂದಾನೇ ಹೋಗ್ಬೇಕು," ಅಂತ ಚಟ್ಟಿಯನ್ನ ಗೂಳಪ್ಪನ ಕೈಗಿತ್ತ. ಹೊಗೆಗೆ ಕಣ್ಣುಮೂಗು ಒರೆಸಿಕೊಳ್ಳಲಿ ಅಂತ ತನ್ನ ಚೀಲದಿಂದ ಒಂದು ಟವಲು ತೆಗೆದು ಅವನ ಹೆಗಲಿಗೆ ಹಾಕಿದ.

ಅವಳು ಕಿರುಚಲಿಲ್ಲ. ಕೆಮ್ಮಿನ ನಡುವೆ ಸಣ್ಣಗೆ ಒಂದೇ ಮಾತು. "ಲೈಟ್ ಆರಿಸಿ... ದಮ್ಮಯ್ಯ, ಲೈಟ್ ಆರಿಸಿ..."

"ನೋಡಿದ್ರಾ ಯಜಮಾನ್ರೇ? ಅದಕ್ಕೆ ಬೆಳಕು ಆಗಲ್ಲ," ಅಂದ ಅವನು. ಗೂಳಪ್ಪ ಚಟ್ಟಿಯನ್ನ ಇನ್ನೂ ಹತ್ತಿರ ಹಿಡಿದ. ಒಂದು ಕಿಡಿ ಹಾರಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಆಮೇಲೆ ಮೂರುದಾರಿ ಕೂಡೋ ಕಡೆ ಚಟ್ಟಿ ಒಡೆದರು. ಟವಲನ್ನೂ ಅಲ್ಲೇ ಸುಟ್ಟರು.

ಬೆಳಗ್ಗೆ ಅವಳಿಗೆ ಒಂದೂ ನೆನಪಿರಲಿಲ್ಲ.

"ಕೈಗೆ ಏನಾಯ್ತು ರೀ? ಗಂಟಲು ಯಾಕೆ ಹಿಂಗೆ ಕಟ್ಟೈತೆ?"

"ಒಲೆ ತಾಗ್ತು," ಅಂದ ಗೂಳಪ್ಪ.

ಅವಳು ನಂಬಿದಳು. ಅದೇ ಅವನಿಗೆ ಮುಳ್ಳಾಯ್ತು.

ರೇಣುಕವ್ವ ಈ ಸಲ ಅವನನ್ನ ಕೇಳಲೇ ಇಲ್ಲ. ಆಟೋ ತಂದು ಬಾಗಿಲಿಗೆ ನಿಲ್ಲಿಸಿದಳು. ಜಯನಗರದಲ್ಲಿ ನರದ ಡಾಕ್ಟರು ಧೃತಿ ಮೇಡಂ ತಲೆ ಸ್ಕ್ಯಾನ್ ಮಾಡಿಸಿ, ಎಲ್ಲ ಕೇಳಿಸಿಕೊಂಡು, "ಹುಚ್ಚಲ್ಲ, ಗಾಳಿಯೂ ಅಲ್ಲ. ಮೈಗ್ರೇನ್. ಎಲ್ಲರಿಗೂ ಅದು ಬರೀ ತಲೆನೋವಾಗೇ ಬರಲ್ಲ. ಕೆಲವರಿಗೆ ಹೆದರಿಕೆ ಆಗುತ್ತೆ, ಗುರುತು ಸಿಗಲ್ಲ. ಇದ್ದದ್ದು ದೊಡ್ಡದು ಚಿಕ್ಕದು ಕಾಣುತ್ತೆ, ಇಲ್ಲದ ವಾಸನೆ ಬರುತ್ತೆ. ಆಮೇಲೆ ನೆನಪೇ ಇರಲ್ಲ," ಅಂದರು. ಮಾತ್ರೆ ಬರೆಯುತ್ತಾ ಗೂಳಪ್ಪನ ಕಡೆ ನೋಡಿದರು. "ಆ ಹೊತ್ತಲ್ಲಿ ಜೋರು ಬೆಳಕು, ಜೋರು ಸದ್ದು, ಘಾಟು... ಈ ಮೂರು ಹತ್ರ ಬರದಂಗೆ ನೋಡ್ಕೊಳ್ಳಿ."

ಗೂಳಪ್ಪ ಹೆಂಡತಿಯ ಮಣಿಕಟ್ಟಿನ ಕಡೆ ನೋಡಿದ. ಹುಡುಕಿ ಹುಡುಕಿ ಆ ಮೂರನ್ನೇ ತಂದು ಅವಳ ಮುಂದೆ ಇಟ್ಟಿದ್ದ. ಇನ್ನೊಂದೂ ಆಗಲೇ ಹೊಳೆದದ್ದು. ಚಟ್ಟಿ ಹಿಡಿದಾಗ ತನ್ನ ಹೆಗಲ ಮೇಲಿದ್ದ ಟವಲು... ಹಸಿರು. ಅವಳು ಬಾವಿ ಹತ್ರ ಅದನ್ನ ಕಂಡದ್ದು ಅದಕ್ಕೂ ಎರಡು ತಿಂಗಳು ಮುಂಚೆ.

ಮಾತ್ರೆ ಹಿಡಿಯಿತು. ಅವಳು ಗೆಲುವಾದಳು. "ಒಳ್ಳೇ ಡಾಕ್ಟರಿಗೆ ತೋರಿಸಿದ್ರು ನಮ್ಮನೆಯವರು," ಅಂತ ಬಂದವರಿಗೆಲ್ಲ ಹೇಳೋಳು. ಕೇಳಿದಾಗೆಲ್ಲ ಗೂಳಪ್ಪ ಎದ್ದು ಹೊರಗೆ ಹೋಗೋನು.

ಒಂದು ದಿನ ಎಂಟು ಗಂಟೆಗೆ ಅವನೊಬ್ಬನೇ ಬಾವಿ ದಾಟುತ್ತಿದ್ದ. ಕರೆಂಟ್ ಇತ್ತು. ಬೀದಿದೀಪ ಉರೀತಿತ್ತು. ಮೊದಲು ಘಾಟು ಬಂತು. ಆಮೇಲೆ ಬಾವಿಯೊಳಗಿಂದ ಕೆಮ್ಮು... ಖೊಕ್... ಖೊಕ್ ಖೊಕ್. ಹೆಂಗಸಿನ ಕೆಮ್ಮು. ಆ ಕೆಮ್ಮಿನ ಗುರುತು ಅವನಿಗಿತ್ತು.

ಜಾಲರಿ ಕಿರ್ರ್... ಅಂತು.

ಕಟ್ಟೆ ಮೇಲೆ ಒಬ್ಬ ಬೆನ್ನು ಮಾಡಿ ನಿಂತಿದ್ದ. ಹೆಗಲ ಮೇಲೆ ಹಸಿರು. ಕೈಯಲ್ಲಿ ಹೊಗೆಯಾಡೋ ಚಟ್ಟಿ. ಬಾವಿಯೊಳಕ್ಕೆ ಬಗ್ಗಿ ಬಗ್ಗಿ ಹಿಡೀತಿದ್ದ. ಗೂಳಪ್ಪ ಅವನ ಮುಖ ನೋಡಲಿಲ್ಲ... ನೋಡೋದು ಬೇಕಿರಲಿಲ್ಲ. ಆ ಬೆನ್ನು ತನ್ನದೇ.

ಚಪ್ಪಲಿ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದ. ಏದುಸಿರಲ್ಲೇ ಎಲ್ಲ ಹೇಳಿದ. ಲೈಟು, ತಮಟೆ, ಚಟ್ಟಿ, ಕಿಡಿ. ಒಲೆ ತಾಗಿದ್ದು ಸುಳ್ಳು ಅಂತಲೂ ಹೇಳಿದ.

ಉಮಾಮಹೇಶ್ವರಿ ಮಣಿಕಟ್ಟಿನ ಕಲೆ ಸವರುತ್ತಾ ಕೇಳಿಸಿಕೊಂಡಳು.

"ನಾನೇನಾದ್ರೂ ಅಂದ್ನಾ ಆವತ್ತು?"

"ಲೈಟ್ ಆರಿಸಿ ಅಂದೆ."

"ಎಷ್ಟು ಸಲ?"

"...ಲೆಕ್ಕ ಇಲ್ಲ."

ಅವಳು ಎದ್ದು ಹೋಗಿ ಲೈಟ್ ಆರಿಸಿದಳು. ಇಬ್ಬರೂ ಕತ್ತಲಲ್ಲಿ ಕೂತರು. ಬೆಳಗಾಗೋವರೆಗೂ.

ಬೆಳಗ್ಗೆ ಗೂಳಪ್ಪ ಚಪ್ಪಲಿ ತರೋಕೆ ಹೋದ. ಹಾಲಿಗೆ ಹೊರಟಿದ್ದ ರೇಣುಕವ್ವನೂ ಜೊತೆಗಿದ್ದಳು. ಚಪ್ಪಲಿ ಬಿಟ್ಟ ಕಡೆಯೇ ಇದ್ದವು. ಪಕ್ಕದಲ್ಲಿ, ಜಾಲರಿ ಮೇಲೆ, ಒಂದು ಮಣ್ಣಿನ ಚಟ್ಟಿ. ಒಡೆದದ್ದಲ್ಲ, ಇಡೀ ಚಟ್ಟಿ. ಒಳಗೆ ಬೂದಿ ಬಿಟ್ಟರೆ ಏನಿಲ್ಲ.

ರೇಣುಕವ್ವ ಮುಟ್ಟಿ ನೋಡಿ ಕೈ ಎಳಕೊಂಡಳು.

ಇದರಲ್ಲಿ ನಾನು ಸೇರಿಸಿದ್ದು ಒಂದಕ್ಷರಾನೂ ಇಲ್ಲ. ರೇಣುಕವ್ವ ಈಗಲೂ ಮೇಲಿನ ಮನೆಯಲ್ಲೇ ಇದ್ದಾಳೆ, ಹೋಗಿ ಕೇಳಿ. ಬೆರಳ ತುದಿಯ ಬೊಬ್ಬೆ ಆರಿದೆ, ಕಲೆ ಇದೆ.